ನೀಲಿ ಸಿಗದೆ ಕ್ಲಾಂಪ್ ಕೊಡೋದಿಲ್ಲ: ಶೆಟ್ಟಿಹಳ್ಳಿಯಿಂದ ಕಾನ್ ಥೋವರೆಗೆ

ಬೆಂಗಳೂರು, ಸೆಕ್ಯುರಿಟಿ ಸಾಲು

ನನ್ನ ಕೈಚೀಲವನ್ನು ಆ ಯಂತ್ರ ಮೂರು ಸಲ ನುಂಗಿ ಮೂರು ಸಲ ಉಗುಳಿತು. ಕೊನೆಗೆ ಸಮವಸ್ತ್ರದ ಹೆಂಗಸೊಬ್ಬಳು ಚೀಲವನ್ನು ಪಕ್ಕಕ್ಕೆ ಎಳೆದುಕೊಂಡಳು.

"ಮೇಡಂ, ಇದ್ರಲ್ಲಿ ಏನಿದೆ? ಓಪನ್ ಮಾಡಿ."

ತೆಗೆದೆ. ಬಿಳಿ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಉಲ್ಲನ್ ಮಾದರಿ ಹೊರಗೆ ಬಂತು. ಮೊಳದುದ್ದದ ಕೆಂಪು ಕೊಳವೆ, ಅದರ ನಡುವೆ ಗುಂಡಗೆ ಊದಿದ ಭಾಗ, ಪಕ್ಕದಲ್ಲಿ ಒಂದು ನೀಲಿ ಕೊಳವೆ, ಅದರಿಂದ ಕವಲೊಡೆದು ಕೆಂಪಿನ ಹಿಂದೆ ಹಾಯ್ದ ಸಣ್ಣ ನೀಲಿ ಕೊಳವೆ, ಆಚೆ ಈಚೆ ಹತ್ತಿ ತುಂಬಿದ ಎರಡು ಕಂದು ಕಿಡ್ನಿ.

"ಏನಿದು, ಮಕ್ಕಳಾಟದ ಸಾಮಾನಾ?"

"ಹೊಟ್ಟೆ ಒಳಗಿನ ದೊಡ್ಡ ರಕ್ತನಾಳ ಕಣಮ್ಮ. ನಾನೇ ಕ್ರೋಶಾ ಹಾಕಿದ್ದು."

ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹೆಣಿಗೆ ಬಹಳ ಒತ್ತಾಗಿ ಬಂದಿದೆ ಅಂದಳು. ತನ್ನ ಅತ್ತೆಗೂ ಕ್ರೋಶಾ ಬರುತ್ತದಂತೆ, ಆದರೆ ಬಾಗಿಲ ತೋರಣ ಬಿಟ್ಟು ಬೇರೇನೂ ಹಾಕುವುದಿಲ್ಲವಂತೆ. ನನ್ನ ಹಿಂದೆ ನಿಂತಿದ್ದ ಡಾಕ್ಟರ್ ಕಾರ್ತಿಕ್ ಮಾತ್ರ ತನಗೂ ನನಗೂ ಸಂಬಂಧವೇ ಇಲ್ಲ ಎಂಬಂತೆ ಮೇಲಿನ ದೀಪ ನೋಡುತ್ತಿದ್ದರು.

ನಾನು ಪುಟ್ಟಲಕ್ಷ್ಮಿ. ಹುಟ್ಟಿದ್ದು ಅಮೃತೂರಿನ ಹತ್ತಿರ, ಈಗ ಇರುವುದು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಇಪ್ಪತ್ತೆಂಟು ವರ್ಷದಿಂದ ಆಪರೇಷನ್ ಥಿಯೇಟರಿನ ನರ್ಸು. ಡಾಕ್ಟರು ಕೈ ಚಾಚಿದಾಗ ಆ ಕೈಗೆ ಬೇಕಾದ್ದನ್ನು ಇಡುವುದು ನನ್ನ ಕೆಲಸ. ವಿಯೆಟ್ನಾಂ ದೇಶದವರು ನನ್ನನ್ನು ಕರೆಸಿದ್ದು ಮಾತ್ರ ಒಮ್ಮೆ ನಾನು ಕೊಡದೇ ಇದ್ದದ್ದಕ್ಕೆ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೃದಯದಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ ಕೆಲವರಲ್ಲಿ ಸಡಿಲವಾಗಿ ಊದಿಕೊಳ್ಳುತ್ತದೆ. ಒಡೆದರೆ ಪ್ರಾಣ ಹೋಗುತ್ತದೆ. ಅದಕ್ಕೇ ಊತದ ಮೇಲುಗಡೆ ಕ್ಲಾಂಪ್ ಅನ್ನುವ ಬಿಗಿ ಇಕ್ಕಳ ಹಾಕಿ ರಕ್ತ ನಿಲ್ಲಿಸಿ, ಒಳಗೆ ಬಟ್ಟೆಯ ಕೊಳವೆ ಹೊಲಿಯುತ್ತಾರೆ. ಎಡ ಕಿಡ್ನಿಯಿಂದ ಬರುವ ನೀಲಿ ರಕ್ತನಾಳ ಈ ದೊಡ್ಡ ನಾಳದ ಮುಂದೆ ಹಾಯುತ್ತದೆ. ನೂರಾರು ಹೊಟ್ಟೆ ನೋಡಿದರೂ ಹಾಗೇ. ಎಲ್ಲೋ ಒಬ್ಬರಲ್ಲಿ ಮಾತ್ರ ಹುಟ್ಟುವಾಗಲೇ ಅದು ಹಿಂದಿನಿಂದ ಹಾಯ್ದಿರುತ್ತದೆ. ಅದು ಗೊತ್ತಿಲ್ಲದೆ ಡಾಕ್ಟರು ಕ್ಲಾಂಪಿಗೆ ಜಾಗ ಮಾಡಲು ಹಿಂದೆ ಬೆರಳು ತೂರಿಸಿದರೆ ನಾಳ ಹರಿಯುತ್ತದೆ, ಕಣ್ಣಿಗೆ ಕಾಣದ ಜಾಗದಿಂದ ರಕ್ತ ಉಕ್ಕುತ್ತದೆ.

ಗುಬ್ಬಿ ಕಡೆಯ ಒಬ್ಬ ಹೆಂಗಸು ನನ್ನ ಕಣ್ಣೆದುರೇ ಹಾಗೆ ಹೋದರು. ಆಗ ನಾನು ಇನ್ನೂ ಹೊಸಬಳು, ಬೇರೆ ಕಡೆ ಇದ್ದೆ. ಎಲ್ಲ ಮುಗಿದ ಮೇಲೆ ಸಾಮಾನು ಎಣಿಸುವಾಗ ನೋಡುತ್ತೇನೆ, ನೀಲಿ ರಕ್ತನಾಳಕ್ಕೆ ಸುತ್ತಿ ಪಕ್ಕಕ್ಕೆ ಹಿಡಿಯುವ ನೀಲಿ ರಬ್ಬರ್ ದಾರ ನನ್ನ ಟ್ರೇಯಲ್ಲೇ ಉಳಿದಿತ್ತು. ಅಂದರೆ ಮುಂದೆ ಆ ನಾಳ ಯಾರಿಗೂ ಸಿಕ್ಕೇ ಇರಲಿಲ್ಲ. ಅದನ್ನು ಗಮನಿಸದೆ ಅವತ್ತು ಕ್ಲಾಂಪ್ ಕೊಟ್ಟ ಕೈ ನನ್ನದೇ. ಎಷ್ಟೋ ದಿನ ಅನ್ನ ಸೇರಲಿಲ್ಲ.

ಆಮೇಲೆ ತುಮಕೂರಿಗೆ ಬಂದು ಗುಬ್ಬಿಯ ಡಾಕ್ಟರ್ ಮಹಾಲಿಂಗಪ್ಪನವರ ಜೊತೆ ಕೆಲಸ ಶುರುಮಾಡಿದೆ. ಕೋರ ಎಂಬ ಊರಿನ ಒಬ್ಬ ರಿಟೈರ್ಡ್ ಮೇಷ್ಟ್ರ ಆಪರೇಷನ್ ದಿನ ಅವರು ಕೈ ಚಾಚಿ "ಕ್ಲಾಂಪ್" ಅಂದರು. ನೋಡಿದರೆ ನೀಲಿ ದಾರ ಟ್ರೇಯಲ್ಲಿದೆ. ನಾನು ಕ್ಲಾಂಪನ್ನು ಎದೆಗವಚಿಕೊಂಡು "ಕೊಡಲ್ಲ ಸಾರ್, ನೀಲಿ ಎಲ್ಲಿದೆ ತೋರ್ಸಿ" ಅಂದೆ. ಕಣ್ಣಲ್ಲೇ ಸುಟ್ಟುಬಿಡುವ ಹಾಗೆ ನೋಡಿದರು. ಆಮೇಲೆ ಬಗ್ಗಿ ಹುಡುಕಿದರು. ಮುಂದೆ ಇರಲಿಲ್ಲ, ಹಿಂದೆ ಇತ್ತು. ಮೇಷ್ಟ್ರು ಬದುಕಿದರು, ಈಗಲೂ ಸೈಕಲ್ ಹೊಡೆಯುತ್ತಾರೆ. ಅವತ್ತಿನಿಂದ ನಮ್ಮ ಥಿಯೇಟರಿನ ಕಾನೂನು ಇದು: ನೀಲಿ ದಾರ ಟ್ರೇ ಬಿಟ್ಟು ಹೋಗುವ ತನಕ ಕ್ಲಾಂಪ್ ಹೋಗುವುದಿಲ್ಲ. ಮುಂದೆ ನೀಲಿ ಸಿಗಲೇ ಇಲ್ಲ ಅಂದರೆ, ಅದು ಎಲ್ಲಿದೆ ಅಂತ ಪತ್ತೆ ಮಾಡಿ ಬಾಯಿಬಿಟ್ಟು ಹೇಳಬೇಕು.

ಈಗ ಮಹಾಲಿಂಗಪ್ಪನವರು ನಿವೃತ್ತಿಯಾಗುತ್ತಿದ್ದಾರೆ. ಅವರ ಜಾಗಕ್ಕೆ ಬಂದವರು ಡಾಕ್ಟರ್ ಕಾರ್ತಿಕ್. ತುಮಕೂರಿನವರೇ, ಚುರುಕು ಕೈ, ಒಳ್ಳೆಯ ಮನುಷ್ಯ. ಆದರೆ ನನ್ನ ಕಾನೂನು ಕಂಡರೆ ಆಗುವುದಿಲ್ಲ. ಅಪರೂಪದ ರಕ್ತನಾಳಗಳ ಬಗ್ಗೆ ಕಾನ್ ಥೋ ಊರಿನ ಸಭೆಗೆ ಮಹಾಲಿಂಗಪ್ಪನವರನ್ನೂ ನನ್ನನ್ನೂ ಕರೆದಿದ್ದರು. ಅವರು ಮಂಡಿ ಆಪರೇಷನ್ ಆಗಿ ಮಲಗಿದ್ದರಿಂದ ಬದಲಿಗೆ ಕಾರ್ತಿಕ್ ಹೊರಟರು. ವಿಮಾನ ಮೇಲೇರಿದ ಮೇಲೆ ಮಾತು ತೆಗೆದರು.

"ಸಿಸ್ಟರ್, ಬೇಜಾರ್ ಮಾಡ್ಕೋಬೇಡಿ. ಈಗ ಎಲ್ಲಾ ಸ್ಕ್ಯಾನಲ್ಲೇ ಕಾಣುತ್ತೆ. ಆಪರೇಷನ್ ಮಧ್ಯ ನೀವು ಕ್ಲಾಂಪ್ ಹಿಡ್ಕೊಂಡು ನಿಂತ್ರೆ ನನ್ ಕೈ ಕಟ್ಟಾಕ್ದಂಗೆ."

"ಕೋರ ಮೇಷ್ಟ್ರಿಗೂ ಸ್ಕ್ಯಾನ್ ಇತ್ತು ಸಾರ್. ರಿಪೋರ್ಟಲ್ಲಿ ಯಾರೂ ಬರ್ದಿರ್ಲಿಲ್ಲ, ಅಷ್ಟೇ."

"ಸರಿ, ಹಿಂಗ್ ಮಾಡಣ. ಅಲ್ಲಿರೋ ಸರ್ಜನ್‌ಗಳು ಇದು ಸರಿ ಅಂತ ಒಪ್ಕೊಂಡ್ರೆ ನಮ್ಮಲ್ಲೂ ಇರ್ಲಿ. ನಕ್ಬಿಟ್ರೆ, ವಾಪಸ್ ಹೋದ್ಮೇಲೆ ಬಿಟ್ಬಿಡಣ."

ಆಗಲಿ ಅಂದೆ. ನನ್ನ ಇಷ್ಟು ವರ್ಷದ ಕೆಲಸವನ್ನು ಗೊತ್ತಿಲ್ಲದ ಊರಿನವರ ಕೈಗೆ ಕೊಟ್ಟುಬಿಟ್ಟಿದ್ದೆ.

ಹೊ ಚಿ ಮಿನ್ ನಗರ

ಅಲ್ಲಿ ರಸ್ತೆಯ ತುಂಬ ಸ್ಕೂಟರು. ನಿಲ್ಲುವ ಮಾತೇ ಇಲ್ಲ, ಕಾಲುವೆ ನೀರಿನ ಹಾಗೆ ಬರುತ್ತಲೇ ಇರುತ್ತವೆ. ನಾವು ಹೋಗಬೇಕಾದ ಬಸ್ಸು ರಸ್ತೆಯ ಆಚೆ ಬದಿಯಲ್ಲಿತ್ತು. ದೊಡ್ಡ ದೊಡ್ಡ ಆಪರೇಷನ್ ಮಾಡುವ ಕಾರ್ತಿಕ್ ಸಾಹೇಬರು ಒಂದು ಕಾಲು ಮುಂದಿಡುವುದು, ಹಿಂದಕ್ಕೆ ತೆಗೆಯುವುದು, ಇದೇ ಆಯಿತು.

"ಸಿಗ್ನಲ್ ಬೀಳ್ಲಿ ಸಿಸ್ಟರ್."

"ಎಲ್ಲೈತೆ ಸಾರ್ ಸಿಗ್ನಲ್ಲು? ಬನ್ನಿ ನನ್ ಜೊತೆ."

ಅವರ ಮಣಿಕಟ್ಟು ಹಿಡಿದುಕೊಂಡು, ಇನ್ನೊಂದು ಕೈ ಅಡ್ಡ ಚಾಚಿ ಇಳಿದೇಬಿಟ್ಟೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಎಷ್ಟೋ ವರ್ಷ ಹೀಗೇ ದಾಟಿದ್ದೇನೆ. ಒಂದೇ ವ್ಯತ್ಯಾಸ, ನಮ್ಮಲ್ಲಿ ಬೈಕಿನವನು ಬ್ರೇಕ್ ಹಾಕಿ ಬೈಯುತ್ತಾನೆ, ಇಲ್ಲಿಯವರು ಬ್ರೇಕೂ ಹಾಕುವುದಿಲ್ಲ, ಬೈಯುವುದೂ ಇಲ್ಲ. ನೀವು ಓಡದೆ, ನಿಲ್ಲದೆ, ಒಂದೇ ಸಮನೆ ನಡೆದರೆ ಸಾಕು, ಪಕ್ಕಕ್ಕೆ ಸರಿದು ಹೋಗುತ್ತಾರೆ. ಆಚೆ ಮುಟ್ಟಿದಾಗ ಕಾರ್ತಿಕ್ ಮುಖ ಬಿಳಿಚಿಕೊಂಡಿತ್ತು. ನನಗಂತೂ ಅರ್ಧ ವಿಯೆಟ್ನಾಂ ಗೆದ್ದಷ್ಟು ಖುಷಿಯಾಯಿತು.

ಬಸ್ಸಿನ ಬಾಗಿಲಲ್ಲಿ ಚಪ್ಪಲಿ ಬಿಚ್ಚಿಸಿದರು. ದೇವಸ್ಥಾನವೇನೋ ಅಂದುಕೊಂಡೆ. ಚಪ್ಪಲಿ ಹಾಕಿಕೊಳ್ಳಲು ಒಂದೊಂದು ಪ್ಲಾಸ್ಟಿಕ್ ಕವರು ಕೊಟ್ಟರು, ಅದನ್ನು ಮಡಿಲಲ್ಲಿಟ್ಟುಕೊಂಡು ಹೋಗಬೇಕು. ಒಳಗೆ ಸೀಟಿನ ಬದಲು ಮಲಗುವ ತೊಟ್ಟಿಲುಗಳು. ಕಾರ್ತಿಕ್ ಕಾಲುಚೀಲದ ಹೆಬ್ಬೆರಳಿನ ಜಾಗದಲ್ಲಿ ತೂತು. ನಾನು ನೋಡಿದ್ದನ್ನು ಅವರೂ ನೋಡಿದರು.

"ಸೂಜಿ ದಾರ ಇದೆ ಸಾರ್, ಹಾಕ್ಕೊಡ್ಲಾ?"

"ಬೇಡ ಸಿಸ್ಟರ್, ಸುಮ್ನಿರಿ" ಅಂದು ಕಾಲು ಮಡಚಿಕೊಂಡು ಮಲಗಿದರು.

ಕಾನ್ ಥೋ, ಮಧ್ಯಾಹ್ನ

ಕಾನ್ ಥೋ ದೊಡ್ಡ ನದಿಯ ಪಕ್ಕದ ಊರು. ಅಲ್ಲಿಯ ಆಸ್ಪತ್ರೆಯಲ್ಲಿ ನಮ್ಮನ್ನು ಎದುರುಗೊಂಡವಳು ಲಾನ್. ನನ್ನ ಹಾಗೇ ಥಿಯೇಟರ್ ನರ್ಸು, ಮೂವತ್ತೈದು ವಯಸ್ಸಿರಬಹುದು, ಸದಾ ನಗುಮುಖ. ಕೈ ಕುಲುಕಿದವಳೇ ಕೇಳಿದ ಮೊದಲ ಪ್ರಶ್ನೆ, ನಿಮಗೆ ವಯಸ್ಸೆಷ್ಟು? ನನಗೆ ಒಂದು ಥರಾ ಆಯಿತು. ಆಮೇಲೆ ಗೊತ್ತಾಯಿತು, ವಯಸ್ಸು ತಿಳಿಯದೆ ಅವರಲ್ಲಿ ಮಾತೇ ಆಡಿಸಲಾಗದಂತೆ. ಅಕ್ಕ ಅನ್ನಬೇಕೋ ತಂಗಿ ಅನ್ನಬೇಕೋ ತೀರ್ಮಾನವಾಗಬೇಕಲ್ಲ! ನನ್ನ ವಯಸ್ಸು ಹೇಳಿದ್ದೇ ತಡ, ಅಕ್ಕ ಎನ್ನುವುದಕ್ಕೆ ಅವರು ಹೇಳುವ 'ಚಿ' ನನ್ನ ಹೆಸರಿಗೆ ಅಂಟಿಕೊಂಡಿತು. ಮೇಡಂ ಅನ್ನಿಸಿಕೊಳ್ಳುವುದಕ್ಕಿಂತ ಎಷ್ಟೋ ವಾಸಿ.

ಲಾನ್‌ಗೂ ನನಗೂ ನಡುವೆ ಇದ್ದದ್ದು ಆಪರೇಷನ್ ಥಿಯೇಟರಿನ ಇಂಗ್ಲಿಷು ಮಾತ್ರ. ಕತ್ತರಿ, ಇಕ್ಕಳ, ಹೊಲಿಗೆ, ಹತ್ತಿ. ಅಷ್ಟರಲ್ಲೇ ಅರ್ಧ ದಿನ ಹರಟಿದೆವು. ಅವಳು ಹುಣ್ಣಿಮೆ ದಿನ ಮಾಂಸ ತಿನ್ನುವುದಿಲ್ಲವಂತೆ. ನಾನು ಸೋಮವಾರ ತಿನ್ನುವುದಿಲ್ಲ ಅಂದೆ. ವಾರ ವಾರವೂ ಬಿಡುತ್ತೀರಾ ಅಂತ ಬಾಯಿ ಬಿಟ್ಟುಕೊಂಡು ನೋಡಿದಳು.

ಊಟ ಆದಮೇಲೆ ಇದ್ದಕ್ಕಿದ್ದ ಹಾಗೆ ದೀಪಗಳೆಲ್ಲ ಆರಿದವು. ಕರೆಂಟ್ ಹೋಯಿತು ಅಂದುಕೊಂಡೆ, ನಮ್ಮೂರ ಅಭ್ಯಾಸ. ನೋಡಿದರೆ ನರ್ಸುಗಳೆಲ್ಲ ಬೀರುವಿನಿಂದ ಚಾಪೆ ತೆಗೆದು ಹಾಸುತ್ತಿದ್ದಾರೆ! ತುರ್ತು ಕೆಲಸದವರನ್ನು ಬಿಟ್ಟು ಮಿಕ್ಕವರೆಲ್ಲ ಮಲಗಿದರು. ಅವರ ದೊಡ್ಡ ಸರ್ಜನ್ ಡಾಕ್ಟರ್ ಮಿನ್ ಕೂಡ ಪಕ್ಕದ ಕೋಣೆಯಲ್ಲಿ ಮಡಿಸುವ ಮಂಚ ಹಾಕಿಕೊಂಡು, ಮುಖದ ಮೇಲೆ ಟೋಪಿ ಮುಚ್ಚಿಕೊಂಡು ಗೊರಕೆ ಹೊಡೆಯುತ್ತಿದ್ದರು. ನಮ್ಮಲ್ಲಿ ಡ್ಯೂಟಿ ಹೊತ್ತಲ್ಲಿ ಕಣ್ಣು ಮುಚ್ಚಿದರೆ ಮೆಮೊ ಬರುತ್ತದೆ. ಲಾನ್ ನನಗೂ ಒಂದು ಚಾಪೆ ಹಾಸಿ, ಹೂವಿನ ದಿಂಬು ಕೊಟ್ಟಳು. ಮಾದರಿಯನ್ನು ನನ್ನ ತಲೆಯ ಹತ್ತಿರದ ಮೇಜಿನ ಮೇಲಿಟ್ಟು, ಐದು ನಿಮಿಷ ಅಂತ ಒರಗಿದೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಆಸ್ಪತ್ರೆಯಲ್ಲಿ ಹಗಲು ನಿದ್ದೆ ಮಾಡಿದೆ. ಎಂಥಾ ನಿದ್ದೆ ಅಂತೀರಿ!

ಎದ್ದಾಗ ಮಾದರಿ ಟವೆಲ್ಲಿನಲ್ಲಿ ನೀಟಾಗಿ ಸುತ್ತಿಟ್ಟಿತ್ತು. ಲಾನ್ ನನ್ನ ಕಡೆ ನೋಡಿ ಹೆಬ್ಬೆರಳೆತ್ತಿ ತೋರಿಸಿದಳು. ಹೆಣಿಗೆ ಚೆನ್ನಾಗಿದೆ ಅನ್ನುತ್ತಿದ್ದಾಳೆ ಅಂದುಕೊಂಡು ನಾನೂ ಹೆಬ್ಬೆರಳೆತ್ತಿದೆ.

ಕಾನ್ ಥೋ, ಸಭೆಯ ದಿನ

ಬೆಳಿಗ್ಗೆ ಕಾರ್ತಿಕ್ ತಾವೇ ಮಾದರಿಯನ್ನು ಎತ್ತಿಕೊಂಡು ಹೋಗಿ ವೇದಿಕೆಯ ಮೇಲಿನ ಸ್ಟ್ಯಾಂಡಿಗೆ ಸಿಕ್ಕಿಸಿದರು. ಮೊದಲು ಅವರು ಸ್ಕ್ಯಾನುಗಳನ್ನು ತೋರಿಸಿದರು. ಒಬ್ಬರಿಗೆ ದೊಡ್ಡ ನೀಲಿ ನಾಳ ಬಲಗಡೆ ಇರುವ ಬದಲು ಎಡಗಡೆ. ಇನ್ನೊಬ್ಬರಿಗೆ ಎರಡೂ ಕಡೆ ಒಂದೊಂದು. ಕೋರದ ಮೇಷ್ಟ್ರಿಗೆ ಹಿಂದಿನಿಂದ ಹಾಯ್ದದ್ದು. ಹುಡುಗ ಚೆನ್ನಾಗಿಯೇ ಮಾತಾಡಿದರು, ಹೆಮ್ಮೆಯಾಯಿತು.

ಆಮೇಲೆ ನನ್ನ ಸರದಿ. ನಾನು ಕನ್ನಡದಲ್ಲಿ ಹೇಳುವುದು, ಕಾರ್ತಿಕ್ ಇಂಗ್ಲಿಷಿಗೆ ತಿರುಗಿಸುವುದು, ಅದನ್ನು ದುಭಾಷಿ ಹೆಣ್ಣುಮಗಳು ಅವರ ಭಾಷೆಗೆ ತರುವುದು. ಗುಬ್ಬಿಯ ಹೆಂಗಸಿನ ಕಥೆ ಹೇಳಿದೆ. "ಅವತ್ತು ಕ್ಲಾಂಪ್ ಕೊಟ್ಟವಳು ನಾನೇ" ಅಂದಾಗ ಕಾರ್ತಿಕ್ ತಟ್ಟನೆ ನನ್ನ ಕಡೆ ತಿರುಗಿದರು. ಆ ಕಥೆ ಅವರಿಗೆ ಗೊತ್ತಿರಲಿಲ್ಲ. ಆಮೇಲೆ 'ನಾನೇ' ಎಂದೇ ಇಂಗ್ಲಿಷಿನಲ್ಲಿ ಹೇಳಿದರು.

"ಈಗ ನೋಡಿ, ಕೋರ ಮೇಷ್ಟ್ರ ಹೊಟ್ಟೆಯಲ್ಲಿ ಇದ್ದದ್ದು ಹೀಗೆ" ಅಂತ ಮಾದರಿಯನ್ನು ಎತ್ತಿ ಹಿಂಬದಿ ತಿರುಗಿಸಿ ಬೆರಳಿಟ್ಟೆ. ಕೆಂಪು ಕೊಳವೆಯ ಹಿಂದೆ ಏನೂ ಇಲ್ಲ! ಬರೀ ಕೆಂಪು. ನಾನು ಹಾಕಿದ್ದ ಗಂಟೂ ಇಲ್ಲ. ಮುಂದಕ್ಕೆ ತಿರುಗಿಸಿದೆ. ನೀಲಿ ನಾಳ ಮುಂಭಾಗದಲ್ಲಿ, ಸಣ್ಣ ಸಣ್ಣ ಹೊಲಿಗೆಯಲ್ಲಿ ಚೆಂದಾಗಿ ಕೂತಿತ್ತು. ಹಿಂದೆ ಇರುವ ನಾಳ ತೋರಿಸುತ್ತೇನೆಂದು ಸಮುದ್ರ ದಾಟಿ ಬಂದವಳ ಕೈಯಲ್ಲಿ ಮುಂದೆ ನಾಳವಿರುವ ಮಾದರಿ.

"ಏನಾಯ್ತು ಸಿಸ್ಟರ್?"

"ಯಾರೋ ಬಿಚ್ಚಿ ಮುಂದಕ್ಕೆ ಹೊಲ್ದವ್ರೆ ಸಾರ್!"

ಮೈಕಿನಲ್ಲಿ ಇಡೀ ಸಭಾಂಗಣಕ್ಕೆ ಕೇಳಿಸಿತು, ಪುಣ್ಯಕ್ಕೆ ಕನ್ನಡದಲ್ಲಿ. ಮೂರನೇ ಸಾಲಿನಲ್ಲಿ ಲಾನ್ ಎದ್ದುನಿಂತು, ಸಂತೋಷದಿಂದ ತನ್ನ ಎದೆ ಮುಟ್ಟಿಕೊಂಡು, ಹೊಲಿಯುವ ಹಾಗೆ ಬೆರಳಾಡಿಸಿ ತೋರಿಸಿದಳು. ನಾನು ಮಲಗಿದ್ದಾಗ ತಾನು ನಿದ್ದೆ ಬಿಟ್ಟು ರಿಪೇರಿ ಮಾಡಿದ್ದಾಳೆ! ಪಾಪ, ಈ ಇಂಡಿಯಾದ ಅಕ್ಕ ನಾಳವನ್ನು ತಪ್ಪು ಕಡೆ ಹೊಲಿದುಬಿಟ್ಟಿದ್ದಾಳೆ, ಸಭೆಯಲ್ಲಿ ಮರ್ಯಾದೆ ಹೋಗದಿರಲಿ ಅಂತ.

ನನಗೆ ಮೂಗಿನ ತುದಿಯಲ್ಲೇ ಕೋಪ. ಪಿತ್ತ ನೆತ್ತಿಗೇರಿತು. ಏನೇ, ನಿಂಗ್ಯಾರೇ ಹೇಳಿದ್ದು ಅನ್ನಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ನಿಂತಿತು. ಇವಳು ಮಾಡಿದ್ದೇನು? ನೂರಾರು ಹೊಟ್ಟೆ ನೋಡಿದ ಒಳ್ಳೆಯ ನರ್ಸು, ನಾಳ ಮುಂದೆಯೇ ಇರಬೇಕು ಅಂತ ನಂಬಿ ಮುಂದೆಯೇ ಇಟ್ಟಳು. ಗುಬ್ಬಿಯ ಹೆಂಗಸಿನ ದಿನ ನಾನು ಮಾಡಿದ್ದೂ ಅದನ್ನೇ ಅಲ್ಲವೇ?

"ಸಾರ್, ಹೇಳಿ ಇವರಿಗೆ" ಅಂದೆ. "ಇದನ್ನ ಸರಿಮಾಡಿದವ್ಳು ಬಹಳ ಒಳ್ಳೆ ನರ್ಸು. ಕೆಲಸ ಬರ್ದೆ ಮಾಡಿದ್ದಲ್ಲ, ಚೆನ್ನಾಗಿ ಬರೋದ್ರಿಂದ್ಲೇ ಮಾಡಿದ್ಲು. ನೋಡಿ ನೋಡಿ ಅಭ್ಯಾಸ ಆಗಿರೋ ಕಣ್ಣು ಇಲ್ದಿರೋದನ್ನೂ ಮುಂದೆ ಇದೆ ಅಂತ ತೋರ್ಸುತ್ತೆ. ಇದು ಉಲ್ಲನ್ನು, ಬಿಚ್ಚಿ ಹೊಲೀಬೋದು. ಮನುಷ್ಯರ ಹೊಟ್ಟೆ ಒಳಗೆ ಹಂಗಾಗಲ್ಲ. ಅದಕ್ಕೇ ನನ್ ಕಣ್ಣನ್ನ ನಾನೇ ನಂಬಲ್ಲ, ಟ್ರೇಯಲ್ಲಿರೋ ನೀಲಿ ದಾರಾನ ನಂಬ್ತೀನಿ."

ಕಾರ್ತಿಕ್ ಅದನ್ನು ಹೇಳಿದರು. ಹೇಳಿ ಮುಗಿದ ಮೇಲೂ ಮಾತು ನಿಲ್ಲಿಸಲಿಲ್ಲ. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ಇವತ್ತು ಬೆಳಿಗ್ಗೆ ಈ ಮಾದರಿಯನ್ನು ಎತ್ತಿಕೊಂಡು ಬಂದವನು ನಾನು, ಸ್ಟ್ಯಾಂಡಿಗೆ ಹಾಕಿದವನೂ ನಾನು, ಇದೇ ನಾಳದ ಮೇಲೆ ಅರ್ಧ ಗಂಟೆ ಮಾತಾಡಿದವನೂ ನಾನು. ನನ್ನ ಕಣ್ಣಿಗೂ ಇದು ಬೀಳಲಿಲ್ಲ. ಹೀಗೆಂದು ಅವರು ಎಲ್ಲರೆದುರು ಒಪ್ಪಿಕೊಂಡರು. ಅವರ ಕಿವಿ ಕೆಂಪಾಗಿತ್ತು.

ಲಾನ್ ಅಷ್ಟರಲ್ಲಿ ಕತ್ತರಿ ಹಿಡಿದುಕೊಂಡು ವೇದಿಕೆಗೆ ಓಡಿಬಂದಳು. ಕಣ್ಣಲ್ಲಿ ನೀರು. ಅವಳು ಹೊಲಿಗೆ ಕತ್ತರಿಸಿದಳು, ನಾನು ನನ್ನ ಚೀಲದ ಸೂಜಿ ದಾರ ತೆಗೆದು ನಾಳವನ್ನು ಹಿಂದಕ್ಕೆ ಹೊಲಿದೆ. ಸಭೆಯೆಲ್ಲ ಉಸಿರು ಬಿಗಿಹಿಡಿದು ಒಂದು ಉಲ್ಲನ್ ಆಪರೇಷನ್ ನೋಡಿತು.

ಆಗ ಡಾಕ್ಟರ್ ಮಿನ್ ಎದ್ದರು. ಗಂಭೀರ ಮುಖ. ಈ ಮನುಷ್ಯ ನಕ್ಕರೆ ನನ್ನ ಕಾನೂನು ಇಲ್ಲಿಗೆ ಮುಗಿಯಿತು ಅಂದುಕೊಂಡೆ.

"ನರ್ಸು ಹೀಗೆ ತಡೆದು, ಕೊನೆಗೆ ಆಕೆಯದೇ ತಪ್ಪು ಅಂತಾದರೆ?" ಎಂದು ದುಭಾಷಿಯ ಬಾಯಲ್ಲಿ ಕೇಳಿದರು.

"ನಾಲ್ಕು ನಿಮಿಷ ಹೋಗುತ್ತೆ ಸಾರ್" ಅಂದೆ. "ನಿಮ್ಮ ಕೈಲಿ ಬೈಸ್ಕೋತೀನಿ. ಮನೆಗೆ ಹೋಗಿ ಊಟ ಮಾಡ್ತೀನಿ. ತಡೀದೆ ಹೋದ ದಿನ ಊಟ ಸೇರಲ್ಲ."

ಅವರು ನಗಲಿಲ್ಲ. ಮೆಟ್ಟಿಲು ಹತ್ತಿ ಬಂದು ಕೆಂಪು ಕೊಳವೆಯ ಹಿಂದೆ ತಮ್ಮ ಬೆರಳು ತೂರಿಸಿ, ನೀಲಿ ನಾಳ ತಗುಲಿದ್ದೇ ತಟಕ್ಕನೆ ನಿಲ್ಲಿಸಿದರು. ಲಾನ್ ಕಡೆ ತಿರುಗಿ ಏನೋ ಹೇಳಿದರು. ಸಭೆಯಲ್ಲಿದ್ದ ನರ್ಸುಗಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಡಾಕ್ಟರುಗಳು ಆಮೇಲೆ ಎದ್ದರು.

"ಏನಂದ್ರು?" ಅಂತ ದುಭಾಷಿಯನ್ನು ಕೇಳಿದೆ.

"ಸೋಮವಾರದಿಂದ ನೀನು ದಾರ ಮೊದಲು ಕೊಡು. ನಾನು ಮರೆತು ಕೈ ಚಾಚಿದರೆ ಕೈ ಮೇಲೆ ಹೊಡಿ, ಅಂದರು."

ಅಲ್ಲೇ ನಿಂತು ಗಳಗಳ ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ಬೆನ್ ಚೆ, ಭಾನುವಾರ

ಮರುದಿನ ಲಾನ್ ನಮ್ಮನ್ನು ತನ್ನ ತವರಿಗೆ ಕರೆದುಕೊಂಡು ಹೋದಳು. ಬೆನ್ ಚೆ ಎಂಬ ಆ ಸೀಮೆಯಲ್ಲಿ ಎತ್ತ ನೋಡಿದರೂ ತೆಂಗು. ದೋಣಿಯಲ್ಲಿ ಕೂತು ತಲೆಯೆತ್ತಿದರೆ ಅಮೃತೂರಿನಲ್ಲೇ ಇದ್ದ ಹಾಗಾಯಿತು, ಕಾಲ ಕೆಳಗೆ ನೀರಿದ್ದದ್ದು ಬಿಟ್ಟರೆ. ಲಾನ್ ಅಮ್ಮ ಕಾಯಿಹಾಲು ಕುದಿಸಿ ಮಿಠಾಯಿ ಮಾಡುತ್ತಾರೆ. ಬಿಸಿಯಾಗಿದ್ದಾಗಲೇ ಎಳೆದು, ಕತ್ತರಿಸಿ, ತಿನ್ನಬಹುದಾದ ತೆಳು ಕಾಗದದಲ್ಲಿ ಸುತ್ತಿ ಬಾಯಿಗಿಟ್ಟರು. ನಾನು ಕಾಗದ ಬಿಡಿಸಲು ಹೋಗಿ ಅರ್ಧ ಗಂಟೆ ಬೆರಳು ನೆಕ್ಕಿಕೊಂಡೆ.

ನಮ್ಮ ಕಡೆ ಕೊಬ್ಬರಿ ಮಾಡುವುದು ಹೇಗೆಂದು ಆಕೆಗೆ ಹೇಳಿದೆ. ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹೆಚ್ಚು ಕಡಿಮೆ ಒಂದು ವರ್ಷ ಮುಟ್ಟುವುದಿಲ್ಲ ಅಂದಾಗ ಲಾನ್ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಅಮ್ಮನಿಗೆ ಹೇಳಿದಳು. ಆಕೆ ನನ್ನನ್ನೂ ತೆಂಗಿನಕಾಯಿಯನ್ನೂ ನೋಡಿ, ಇವಳಿಗೆ ತಲೆ ಸರಿ ಇದೆಯೇ ಎಂಬಂತೆ ಮಗಳ ಮುಖ ನೋಡಿದರು. ಕಾರ್ತಿಕ್ ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಮಾನ ಹತ್ತಿದಂದಿನಿಂದ ಅವರು ಹಾಗೆ ನಕ್ಕದ್ದು ಅದೇ ಮೊದಲು.

ಅಲ್ಲಿಂದಲೇ ಮಹಾಲಿಂಗಪ್ಪನವರಿಗೆ ವಿಡಿಯೋ ಕಾಲ್ ಮಾಡಿದೆವು.

"ಏನಮ್ಮ ಪುಟ್ಟಲಕ್ಷ್ಮಿ, ಅಲ್ಲೂ ಯಾರ್ಗೂ ಕ್ಲಾಂಪ್ ಕೊಡ್ಲಿಲ್ವಂತೆ?"

"ಇಲ್ಲ ಸಾರ್, ಇಡೀ ಆಸ್ಪತ್ರೆಗೇ ನಿಲ್ಲಿಸ್ಬಿಟ್ಟು ಬಂದಿದೀನಿ."

"ಭಲೇ! ನಮ್ ಹುಡುಗ ಏನಂತಾನೆ?"

ಪಕ್ಕದಲ್ಲಿದ್ದ ಕಾರ್ತಿಕ್ ಮಿಠಾಯಿ ಜಗಿಯುತ್ತಾ ನದಿ ನೋಡಿದರು. ನಾನೂ ಒತ್ತಾಯ ಮಾಡಲಿಲ್ಲ. ಮಾತಿನಲ್ಲಿ ಒಪ್ಪುವುದು ಬೇರೆ, ಹೊಟ್ಟೆ ತೆರೆದಿಟ್ಟುಕೊಂಡು ಗಡಿಬಿಡಿಯಲ್ಲಿ ನಿಂತಾಗ ಒಪ್ಪುವುದು ಬೇರೆ. ಅದು ನನಗೆ ಚೆನ್ನಾಗಿ ಗೊತ್ತು.

ತುಮಕೂರು

ವಾಪಸ್ ಬಂದ ವಾರದಲ್ಲೇ ಕುಣಿಗಲ್ ಕಡೆಯ ಪ್ರೈವೇಟ್ ಬಸ್ ಡ್ರೈವರೊಬ್ಬರು ಅಡ್ಮಿಟ್ ಆದರು. ಹೊಟ್ಟೆಯಲ್ಲಿ ನಿಂಬೆಹಣ್ಣಿಗಿಂತ ದಪ್ಪದ ಊತ. "ನಂಗೇನಾಗಲ್ಲ ಬುಡು ಸಿಸ್ಟರಮ್ಮ, ಸ್ಟೇರಿಂಗ್ ಹಿಡ್ಯೋ ಕೈ ಇದು" ಅಂತ ನನಗೇ ಧೈರ್ಯ ಹೇಳುತ್ತ ಟೇಬಲ್ ಮೇಲೆ ಮಲಗಿದರು. ಸ್ಕ್ಯಾನ್ ರಿಪೋರ್ಟಿನಲ್ಲಿ ವಿಶೇಷವೇನೂ ಬರೆದಿರಲಿಲ್ಲ.

ಮಹಾಲಿಂಗಪ್ಪನವರಿಲ್ಲದ ಮೊದಲ ದೊಡ್ಡ ಆಪರೇಷನ್ನು. ಒಳಗೆ ಕೊಬ್ಬು ಬಹಳವಿತ್ತು, ಊತ ಮೇಲಕ್ಕೂ ಹಬ್ಬಿತ್ತು. ಕಾರ್ತಿಕ್ ಹಣೆಯ ಬೆವರನ್ನು ಎರಡು ಸಲ ಒರೆಸಿದ್ದಾಯಿತು. ನೀಲಿ ದಾರ ನನ್ನ ಟ್ರೇಯಲ್ಲೇ ಇತ್ತು. ಇದ್ದಕ್ಕಿದ್ದಂತೆ ಬಿ.ಪಿ. ಇಳಿಯುತ್ತಿದೆ ಅಂತ ಅರಿವಳಿಕೆ ಡಾಕ್ಟರು ಕೂಗಿದರು. ತಕ್ಷಣ ಕಾರ್ತಿಕ್ ಕೈ ನನ್ನ ಕಡೆ ಚಾಚಿಕೊಂಡಿತು.

"ಕ್ಲಾಂಪ್."

ನನ್ನ ಕೈ ಕ್ಲಾಂಪಿನ ಮೇಲಿತ್ತು. ಕೊಡಲ್ಲ ಅನ್ನಬೇಕು, ಎದುರಿಗಿರುವ ಜೀವ ಜಾರುತ್ತಿರುವಾಗ ಅನ್ನಬೇಕು. ಅನ್ನಲೆಂದು ತಲೆ ಎತ್ತಿದೆ. ನಾನು ಮಾತಾಡುವ ಮುಂಚೆಯೇ ಆ ಚಾಚಿದ ಕೈ ತಾನೇ ಹಿಂದಕ್ಕೆ ಹೋಯಿತು.

"ತಡೀರಿ ಸಿಸ್ಟರ್, ಕೊಡ್ಬೇಡಿ. ನೀಲಿ ಸಿಕ್ಕಿಲ್ಲ ಇನ್ನೂ."

ಒಂದು ಕೈಯಿಂದ ಊತವನ್ನು ಒತ್ತಿಹಿಡಿದು, ಇನ್ನೊಂದು ಕೈಯಿಂದ ಕೊಬ್ಬು ಸರಿಸಿ ಹುಡುಕಿದರು. ಮುಂದೆ ಇರಲಿಲ್ಲ. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಹಿಂದೆ ಬೆರಳು ಹಾಕದೆ, ಪಕ್ಕದಿಂದ ನಿಧಾನವಾಗಿ ಬಿಡಿಸುತ್ತ ಹೋದರು. ಕೊನೆಗೆ ಕೆಳಗೆ, ದೊಡ್ಡ ನಾಳದ ಬೆನ್ನಿಗಂಟಿಕೊಂಡು ನೀಲಿ ಮಿನುಗಿತು.

"ಹಿಂದಿದೆ" ಅಂದರು. ಥಿಯೇಟರಿಗೆಲ್ಲ ಕೇಳುವ ಹಾಗೆ ಇನ್ನೊಂದು ಸಲ ಹೇಳಿದರು. "ನೀಲಿ ಹಿಂದಿದೆ. ಅದಕ್ಕಿಂತ ಮೇಲೆ, ಬೆರಳು ತೂರಿಸ್ದೆ ನೇರವಾಗಿ ಹಾಕ್ತೀನಿ. ಈಗ ಕೊಡಿ ಸಿಸ್ಟರ್."

ಇಪ್ಪತ್ತೆಂಟು ವರ್ಷದಲ್ಲಿ ಅಷ್ಟು ಸಂತೋಷದಿಂದ ನಾನು ಯಾರ ಕೈಗೂ ಕ್ಲಾಂಪ್ ಕೊಟ್ಟಿರಲಿಲ್ಲ.